ಮಸೀರಾದ ಗಾಳಿಗೆ ಹೊರಡುವ ಮುನ್ನ

ಪ್ರಶ್ನೆ: ರಾಮೇಶ್ವರದಲ್ಲಿ ಕೈಟ್‌ಸರ್ಫಿಂಗ್ ಕಲಿತಿದ್ದೇನೆ. ಬೋರ್ಡಿನ ಮೇಲೆ ನಿಂತು ಎಡಕ್ಕೂ ಬಲಕ್ಕೂ ಸಾಗಬಲ್ಲೆ. ನನ್ನ ತೂಕ 75 ಕಿಲೊ. ಇರುವುದು 12 ಚದರ ಮೀಟರಿನ ಒಂದೇ ಕೈಟ್. ಒಮಾನಿನ ಮಸೀರಾ ದ್ವೀಪದಲ್ಲಿ ಜುಲೈ ತಿಂಗಳಿಡೀ ಗಾಳಿ ನಿಲ್ಲುವುದೇ ಇಲ್ಲವಂತೆ. ಒಂದು ವಾರ ರಜೆ ಹಾಕಿ ಒಬ್ಬನೇ ಹೋಗಿಬರೋಣ ಅಂದುಕೊಂಡಿದ್ದೇನೆ. ಏನೇನು ಸಿದ್ಧತೆ ಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯ ನನ್ನನ್ನು ತಡೆದು ನಿಲ್ಲಿಸಿದವು: ಒಬ್ಬರೇ ಹೋಗುವುದು, 12 ಮೀಟರಿನ ಕೈಟ್ ಒಯ್ಯುವುದು. ಮೊದಲೇ ಹೇಳಿಬಿಡುತ್ತೇನೆ, ಈ ಜುಲೈಗೆ ಬೇಡ. ಮುಂದಿನ ವರ್ಷಕ್ಕೆ ಧಾರಾಳವಾಗಿ ಯೋಚಿಸಿ. ಏಕೆಂದು ವಿವರಿಸಿದರೆ ಸಿದ್ಧತೆಯ ಪಟ್ಟಿಯೂ ಅದರಲ್ಲೇ ಸಿಗುತ್ತದೆ.

ಗಾಳಿಯ ಬಗ್ಗೆ ನೀವು ಕೇಳಿದ್ದು ಸುಳ್ಳಲ್ಲ. ಅದು ನಮಗೆ ಮಳೆ ತರುವ ನೈಋತ್ಯ ಮಾರುತವೇ. ದಕ್ಷಿಣ ಗೋಳಾರ್ಧದಲ್ಲಿ ಹುಟ್ಟಿ, ಪೂರ್ವ ಆಫ್ರಿಕಾದ ಎತ್ತರದ ನೆಲಕ್ಕೆ ಒತ್ತಿಕೊಂಡು ಸಮಭಾಜಕ ವೃತ್ತ ದಾಟಿ, ಸೊಮಾಲಿಯದ ಬಳಿ ಈಶಾನ್ಯಕ್ಕೆ ಹೊರಳಿ ಅರಬ್ಬಿ ಸಮುದ್ರದ ಮೇಲೆ ನುಗ್ಗುತ್ತದೆ. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೊಮೀಟರ್ ಎತ್ತರದಲ್ಲಿ ಇದರ ರಭಸ ಅತಿ ಹೆಚ್ಚು. ನಮ್ಮ ಪರ್ಯಾಯದ್ವೀಪದ ಮೇಲೆ ಈ ರಭಸದ ಪಟ್ಟಿ ಇರುವುದನ್ನು ಹವಾಮಾನ ತಜ್ಞರಾದ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ 1966ರಲ್ಲಿ ತೋರಿಸಿದರು. ಆಫ್ರಿಕಾ ಕಡೆಯ ಅದರ ದಾರಿಯನ್ನು ಹವಾಮಾನ ತಜ್ಞ ಫಿಂಡ್ಲೇಟರ್ 1969ರಲ್ಲಿ ವಿವರಿಸಿದರು. ಮಸೀರಾ ಇದೇ ದಾರಿಯ ಅಂಚಿನಲ್ಲಿದೆ.

ಇದೇ ಗಾಳಿಗೆ ಜುಲೈನಲ್ಲಿ ನಮ್ಮ ಮಲ್ಪೆ, ಕಾರವಾರದ ಯಾಂತ್ರಿಕ ದೋಣಿಗಳು ಮೀನುಗಾರಿಕೆ ನಿಷೇಧದ ಅವಧಿ ಮುಗಿಯುವುದನ್ನು ಕಾಯುತ್ತ ದಕ್ಕೆಯಲ್ಲಿ ನಿಂತಿರುತ್ತವೆ. ಮಸೀರಾದಲ್ಲಿ ಮಾತ್ರ ಮಳೆಯ ಸುಳಿವೇ ಇರುವುದಿಲ್ಲ. ಅಲ್ಲಿ ಗಾಳಿ ಕರಾವಳಿಗೆ ಸಮಾನಾಂತರವಾಗಿ ಬೀಸಿ ಮೇಲ್ಪದರದ ನೀರನ್ನು ದಂಡೆಯಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಉಕ್ಕಿ ಬರುತ್ತದೆ. ತಣ್ಣೀರ ಮೇಲಿನ ಗಾಳಿ ಮೇಲೇರಿ ಮಳೆಮೋಡ ಕಟ್ಟುವುದಿಲ್ಲ. ನೀರು ತಣ್ಣಗಿರುವುದರಿಂದ ಅರಬಸ್ಥಾನದ ಬೇಸಿಗೆಯಲ್ಲೂ ನೀರಿನಲ್ಲಿ ಬಹಳ ಹೊತ್ತು ಇದ್ದರೆ ನಡುಕ ಹುಟ್ಟಬಹುದು. ತೆಳುವಾದ ವೆಟ್‌ಸೂಟ್ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ನಿಮ್ಮ ಕೈಟಿಗೆ ಬರೋಣ. ಜುಲೈನಲ್ಲಿ ಅಲ್ಲಿ 20ರಿಂದ 30 ನಾಟ್ ಗಾಳಿ ಸಾಮಾನ್ಯ. 25 ನಾಟ್ ಎಂದರೆ ಗಂಟೆಗೆ 46 ಕಿ.ಮೀ. ವೇಗ ಎರಡು ಪಟ್ಟಾದರೆ ಕೈಟಿನ ಸೆಳೆತ ನಾಲ್ಕು ಪಟ್ಟಾಗುತ್ತದೆ. 15 ನಾಟ್‌ಗೆ ಹಿತವಾಗಿದ್ದ ಕೈಟ್ 30 ನಾಟ್‌ನಲ್ಲಿ ನಿಮ್ಮನ್ನು ಎತ್ತಿ ಒಗೆಯುತ್ತದೆ. ಸ್ಥೂಲವಾದ ಲೆಕ್ಕ ಒಂದಿದೆ. ದೇಹದ ತೂಕವನ್ನು 2.2ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. ನಿಮ್ಮ ತೂಕಕ್ಕೆ 12 ಮೀಟರ್ ಸರಿಹೋಗುವುದು 14 ನಾಟ್ ಸುಮಾರಿಗೆ. 25 ನಾಟ್‌ಗೆ ಬೇಕಾದದ್ದು ಆರೂವರೆ ಮೀಟರ್ ಆಸುಪಾಸು, 30ಕ್ಕೆ ಐದೂವರೆ. ಅಂದರೆ 7 ಮತ್ತು 5 ಮೀಟರಿನ ಎರಡು ಕೈಟ್ ಬೇಕು. ನಿಮ್ಮ 12 ಮನೆಯಲ್ಲೇ ಇರಲಿ.

ಆದರೆ ಇಂಥ ದ್ವೀಪದಲ್ಲಿ ಗಾಳಿಯ ಬಲಕ್ಕಿಂತ ಮೊದಲು ಕೇಳಬೇಕಾದದ್ದು ಅದು ಎತ್ತ ಒಯ್ಯುತ್ತದೆ ಎಂದು. ಮಸೀರಾ ಸುಮಾರು 95 ಕಿ.ಮೀ. ಉದ್ದ, ಹದಿನೈದು ಕಿ.ಮೀ. ಅಗಲವೂ ಇಲ್ಲ, ನೈಋತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿದೆ. ಪಶ್ಚಿಮ ದಂಡೆಯಲ್ಲಿ ಗಾಳಿ ದಡದ ಉದ್ದಕ್ಕೆ, ತುಸು ದಡದತ್ತ ಬೀಸುತ್ತದೆ. ಸೂರ್ ಮಸೀರಾ ಬಳಿಯ ಆಳವಿಲ್ಲದ ನೀರಿಗೆ ಕೈಟ್‌ನವರು ಹೋಗುವುದು ಇದಕ್ಕೇ. ಪೂರ್ವ ದಂಡೆಯಲ್ಲಿ ಅದೇ ಗಾಳಿ ನೆಲದಿಂದ ಕಡಲಿನತ್ತ ಓರೆಯಾಗಿ ಬೀಸುತ್ತದೆ. ಅಲ್ಲಿ ಬೋರ್ಡ್ ಕೈತಪ್ಪಿದರೆ, ಕೈಟ್ ನೀರಿಗೆ ಬಿದ್ದು ಏಳದಿದ್ದರೆ, ನಿಮ್ಮ ಮುಂದಿರುವುದು ತೆರೆದ ಅರಬ್ಬಿ ಸಮುದ್ರ. ದಡದಿಂದ ಆಚೆಗೆ ಬೀಸುವ ಗಾಳಿಗೆ ರಕ್ಷಣಾ ದೋಣಿಯಿಲ್ಲದೆ ಇಳಿಯಬಾರದು. ಪಶ್ಚಿಮದಲ್ಲೂ ಕಡಲಿನ ಇಳಿತ ನೋಡಿಕೊಳ್ಳಿ. ಮೊಣಕಾಲುದ್ದದ ನೀರಿನಲ್ಲಿ ಜಿಗಿದು ಬಿದ್ದರೆ ಮೂಳೆ ಮುರಿಯುತ್ತದೆ.

ಅದಕ್ಕೇ ಹೊರಡುವ ಮುನ್ನ ನಿಮಗೆ ಮೂರು ವಿದ್ಯೆ ಕೈವಶವಾಗಿರಬೇಕು. ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗಿ ಹೊರಟ ಜಾಗಕ್ಕೇ ಮರಳುವುದು ಒಂದು. ನೀರಿಗೆ ಬಿದ್ದ ಕೈಟನ್ನು ಯಾರ ನೆರವೂ ಇಲ್ಲದೆ ಮತ್ತೆ ಎಬ್ಬಿಸುವುದು ಎರಡು. ಆಳದ ನೀರಿನಲ್ಲಿ ಕೈಟಿನ ಸೆಳೆತವನ್ನು ತಕ್ಷಣ ಬಿಡಿಸುವ ಕ್ವಿಕ್ ರಿಲೀಸ್ ಎಳೆದು, ಲೈನುಗಳನ್ನು ಹಿಡಿಕೆಯ ಬಾರ್‌ಗೆ ಸುತ್ತಿ, ಕೈಟನ್ನೇ ತೆಪ್ಪದಂತೆ ಹಿಡಿದು ದಡ ಸೇರುವುದು ಮೂರು. ಎಡಕ್ಕೂ ಬಲಕ್ಕೂ ಸಾಗಬಲ್ಲೆ ಎಂದಿದ್ದೀರಿ, ಹೊರಟಲ್ಲಿಗೆ ಮರಳಬಲ್ಲೆ ಎಂದಿಲ್ಲ. ಮಸೀರಾಕ್ಕೂ ನಿಮಗೂ ನಡುವೆ ಉಳಿದಿರುವ ಕಲಿಕೆ ಅದೇ. ಒಬ್ಬರೇ ಹೋಗಬೇಡಿ ಎಂದದ್ದೂ ಇದಕ್ಕೇ: ಕೈಟ್ ಏರಿಸಲು, ಇಳಿಸಲು, ದಡದಿಂದ ನಿಮ್ಮ ಮೇಲೆ ಕಣ್ಣಿಡಲು ಕನಿಷ್ಠ ಇನ್ನೊಬ್ಬರು ಬೇಕು.

ಪಯಣದ ವಿಷಯ ಹೆಚ್ಚು ಕಷ್ಟದ್ದಲ್ಲ. ಬೆಂಗಳೂರಿನಿಂದ ಮಸ್ಕತ್‌ಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಸಿನಾವ್ ಮಾರ್ಗವಾಗಿ ಅರ್ಧ ದಿನದ ಮರುಭೂಮಿ ದಾರಿ, ಶನ್ನಾ ಎಂಬಲ್ಲಿ ಕಾರು ಸಮೇತ ಫೆರಿ ಹತ್ತಿದರೆ ದ್ವೀಪದ ಪಟ್ಟಣ ಹಿಲ್ಫ್. ಅಂಗಡಿ, ಆಸ್ಪತ್ರೆ, ಪೆಟ್ರೋಲ್ ಎಲ್ಲ ಹಿಲ್ಫ್‌ನಲ್ಲಿವೆ; ಬೇಕಾದದ್ದನ್ನು ಅಲ್ಲೇ ಮುಗಿಸಿಕೊಂಡು ದಕ್ಷಿಣಕ್ಕೆ ಇಳಿಯಿರಿ. ಕೈಟ್ ರಿಪೇರಿಯ ಸಾಮಾನು ಮಾತ್ರ ಇಲ್ಲಿಂದಲೇ ಒಯ್ಯಬೇಕು: ಕೈಟಿನೊಳಗಿನ ಗಾಳಿಚೀಲಕ್ಕೆ (ಬ್ಲ್ಯಾಡರ್) ಹಾಕುವ ಪ್ಯಾಚ್, ವಾಲ್ವ್, ಬಟ್ಟೆಗೆ ಅಂಟಿಸುವ ಟೇಪ್, ಹೆಚ್ಚುವರಿ ಲೈನ್, ಬೋರ್ಡಿನ ಫಿನ್ನು, ಅದರ ಸ್ಕ್ರೂ. ನಾಲ್ಕಾಣೆಯ ಸ್ಕ್ರೂ ಇಲ್ಲದೆ ಇಡೀ ವಾರ ದಡದಲ್ಲಿ ಕೂರುವ ಪಾಡು ಬೇಡ.

ದೂರದ ದ್ವೀಪವೆಂದು ಸ್ಯಾಟಲೈಟ್ ಫೋನ್ ಕೊಂಡೊಯ್ಯುವ ಯೋಚನೆ ಬರಬಹುದು. ಭಾರತದಲ್ಲಿ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಬದಲಿಗೆ ಅಲ್ಲಿನ ಸಿಮ್ ಹಾಕಿಕೊಳ್ಳಿ. ನೀರಿಗೆ ಇಳಿಯುವ ಹೊತ್ತು, ಮರಳುವ ಹೊತ್ತು ಎರಡನ್ನೂ ದಡದಲ್ಲಿರುವವರಿಗೆ ತಿಳಿಸಿ. ಪ್ರವಾಸ ವಿಮೆಯಲ್ಲಿ ಕೈಟ್‌ಸರ್ಫಿಂಗ್ ಹೆಸರು ಹೇಳಿ ಸೇರಿಸಿದ್ದಾರೆಯೇ ಎಂದು ಓದಿ ನೋಡಿ. ಅನೇಕ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಡುತ್ತವೆ. ಜೂನ್ ಮೊದಲ ವಾರಗಳಿಗೆ ಟಿಕೆಟ್ ತೆಗೆಯಬೇಡಿ, ಅದು ಚಂಡಮಾರುತದ ಕಾಲ. 2007ರ ಜೂನ್‌ನಲ್ಲಿ ಗೋನು ಒಮಾನಿನ ಪೂರ್ವ ಕರಾವಳಿಯನ್ನು ಹಣ್ಣುಗಾಯಿ ಮಾಡಿತ್ತು.

ಇನ್ನೊಂದು ಮಾತು. ಲಾಗರ್‌ಹೆಡ್ ಜಾತಿಯ ಕಡಲಾಮೆಗಳು ಮೊಟ್ಟೆಯಿಡುವ ಜಗತ್ತಿನ ದೊಡ್ಡ ನೆಲೆಗಳಲ್ಲಿ ಮಸೀರಾ ಒಂದು. ಅವುಗಳ ಸಂಖ್ಯೆ ಈಚಿನ ದಶಕಗಳಲ್ಲಿ ತೀವ್ರವಾಗಿ ಕುಸಿದಿದೆ. ಅವು ದಡಕ್ಕೆ ಬರುವ ಕಾಲ, ಗಾಳಿಯ ಕಾಲ ಎರಡೂ ಒಂದೇ. ರಾತ್ರಿ ಮರಳಿನ ಮೇಲೆ ಕಾರು ಓಡಿಸಬೇಡಿ, ದೀಪ ಬೆಳಗಿಸಬೇಡಿ.

ಒಂದು ವಾರದ ರಜೆ ಇದಕ್ಕೆಲ್ಲ ಸಾಲದು. ಹೋಗಿಬರುವ ದಾರಿಗೇ ಮೂರು-ನಾಲ್ಕು ದಿನ ಬೇಕು. ಫೆರಿ ತಡವಾದರೆ ಎಂದು ಒಂದು ದಿನ ಕೈಯಲ್ಲಿರಬೇಕು. ಆದ್ದರಿಂದ ಈ ಜುಲೈನ ರಜೆಯಲ್ಲಿ ಮತ್ತೆ ರಾಮೇಶ್ವರಕ್ಕೆ ಹೋಗಿ. ಅಲ್ಲೂ ಅದು ನೈಋತ್ಯ ಗಾಳಿಯ ಕಾಲವೇ. ಕಲಿಸುವವರೂ ಇರುತ್ತಾರೆ, ದೋಣಿಯೂ ಹತ್ತಿರದಲ್ಲಿರುತ್ತದೆ. ಉಳಿದ ಹಣಕ್ಕೆ 7 ಮೀಟರಿನ ಕೈಟ್ ಕೊಳ್ಳಿ. ಹೊರಟ ಜಾಗಕ್ಕೇ ಮರಳುವುದು ಅಭ್ಯಾಸವಾಗಿ, ಜೊತೆಗೊಬ್ಬರು ಸಿಕ್ಕ ಮೇಲೆ ಮುಂದಿನ ವರ್ಷದ ಟಿಕೆಟ್ ತೆಗೆಯಿರಿ.