ಗರ್ಭಕಂಠದ ವಿಕಾರವೂ ದೇಹದ ಕಾವಲೂ

ನಮ್ಮ ಶಾಸನಗಳಲ್ಲಿ ದತ್ತಿಭೂಮಿಯನ್ನು ‘ಸರ್ವಬಾಧಾಪರಿಹಾರ’ವಾಗಿ ಬಿಟ್ಟರೆಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಅಂಥ ಭೂಮಿಗೆ ತೆರಿಗೆಯ ಕಾಟವಿಲ್ಲ. ಲ್ಯಾಟಿನ್ನಿನ ‘ಇಮ್ಯೂನಿಸ್’ ಶಬ್ದದ ಮೂಲಾರ್ಥವೂ ಕರವಿಮುಕ್ತನೆಂದೇ. ಅದರಿಂದ ಹುಟ್ಟಿದ ‘ಇಮ್ಯೂನಿಟಿ’ಯನ್ನು ನಾವು ರೋಗನಿರೋಧಕ ಶಕ್ತಿ ಎನ್ನುತ್ತೇವೆ. ‘ವೈರಸ್’ ಎಂಬುದಂತೂ ಸಂಸ್ಕೃತದ ‘ವಿಷ’ಕ್ಕೆ ಜ್ಞಾತಿ. ವೈದ್ಯನಲ್ಲದ ನಾನು ಈ ವಿಷಯಕ್ಕೆ ಕೈಹಾಕಿದ್ದು ಶಬ್ದಗಳ ಬೆನ್ನು ಹತ್ತಿ. ಆದರೆ ಇದು ಶಬ್ದಗಳಲ್ಲಿ ಮುಗಿಯುವಂಥದಲ್ಲ.

ಗರ್ಭಕಂಠದ ಕ್ಯಾನ್ಸರಿಗೂ ಪ್ಯಾಪಿಲೋಮಾ ವೈರಸ್ಸಿಗೂ ಇರುವ ನಂಟನ್ನು ತೋರಿಸಿಕೊಟ್ಟವರು ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್. 1983ರಲ್ಲಿ ಈ ವೈರಸ್ಸಿನ 16ನೆಯ ಬಗೆಯನ್ನೂ ಮರುವರ್ಷ 18ನೆಯದನ್ನೂ ಅವರ ಬಳಗ ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಈ ಸೋಂಕು ಬಹು ಸಾಮಾನ್ಯ. ತಗುಲಿದವಳ ಶೀಲವನ್ನು ಶಂಕಿಸುವುದು ಅಜ್ಞಾನ. ಬಹುಪಾಲು ಸ್ತ್ರೀಯರಲ್ಲಿ ಎರಡು ವರ್ಷಗಳೊಳಗೆ ದೇಹವೇ ಅದನ್ನು ಹೊರದೂಡುತ್ತದೆ. ಉಳಿದವರಲ್ಲಿ ಅದು ಮೇಲ್ಪದರದ ಜೀವಕೋಶಗಳಲ್ಲಿ ಅಡಗಿ, ರಕ್ತಕ್ಕಿಳಿಯದೆ, ಉರಿಯೂತವೆಬ್ಬಿಸದೆ, ಕಾವಲಿನ ಕಣ್ಣು ತಪ್ಪಿಸಿ ವರ್ಷಗಟ್ಟಲೆ ಕುಳಿತಿರುತ್ತದೆ. ಕ್ರಮೇಣ ಆ ಕೋಶಗಳು ವಿಕಾರಗೊಳ್ಳುತ್ತವೆ. ಇದಿನ್ನೂ ಕ್ಯಾನ್ಸರ್ ಅಲ್ಲ, ನೋವೂ ಇರುವುದಿಲ್ಲ.

ಸೌಮ್ಯ ವಿಕಾರವಾದರೆ ವೈದ್ಯರು ಕಾದು ನೋಡುತ್ತಾರೆ. ತೀವ್ರವಾದರೆ ಆ ಭಾಗವನ್ನು ಕತ್ತರಿಸಿ ತೆಗೆಯುವುದು ಇಲ್ಲವೆ ಸುಡುವುದು ರೂಢಿ. ಕತ್ತರಿಸಿದರೆ ಮುಂದೆ ಅಕಾಲ ಪ್ರಸವದ ಭಯ ತುಸು ಹೆಚ್ಚು. ಆದಕಾರಣ ಮೈಮರೆತ ಕಾವಲುಗಾರನನ್ನೇ ಎಬ್ಬಿಸುವ ಉಪಾಯವನ್ನು ಕೆಲವರು ಹುಡುಕಿದರು. ಇಮಿಕ್ವಿಮೋಡ್ ಎಂಬ ಔಷಧ ವೈರಸ್ಸನ್ನು ತಾನು ಕೊಲ್ಲುವುದಿಲ್ಲ. ರಕ್ಷಣಾಕೋಶಗಳನ್ನು ಪ್ರಚೋದಿಸಿ ಅವುಗಳಿಂದ ಇಂಟರ್‌ಫೆರಾನನ್ನು ಹೊರಡಿಸುತ್ತದೆ. ವಿಯೆನ್ನಾದಲ್ಲಿ 59 ಸ್ತ್ರೀಯರನ್ನೊಳಗೊಂಡು ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 16 ವಾರ ಈ ಔಷಧ ಪಡೆದವರ ಪೈಕಿ ನೂರಕ್ಕೆ 73ರಷ್ಟು ಜನರಲ್ಲಿ ವಿಕಾರ ತಗ್ಗಿತು. ಹುಸಿಗುಳಿಗೆ ಪಡೆದವರಲ್ಲಿ 39. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ 39. ಔಷಧವಿಲ್ಲದೆಯೂ ದೇಹ ಇಷ್ಟು ಮಾಡಬಲ್ಲುದಾದರೆ, ಔಷಧದ ನಿಜವಾದ ಪಾಲು ಇವೆರಡರ ಅಂತರ ಮಾತ್ರ.

ಪರೀಕ್ಷೆ ಚಿಕ್ಕದು, ಈ ಔಷಧ ಶಸ್ತ್ರಚಿಕಿತ್ಸೆಯ ಸ್ಥಾನವನ್ನು ಪಡೆದಿಲ್ಲ. ಜ್ವರ, ಮೈಕೈನೋವು ಬರುವುದುಂಟು. ಮೇಲಾಗಿ ರೋಗಿ ಮತ್ತೆ ಮತ್ತೆ ಬಂದು ತೋರಿಸಿಕೊಳ್ಳಬೇಕು. ಒಮ್ಮೆ ಬರುವುದಕ್ಕೇ ನಾಚುವ, ಮನೆಯವರ ಅಪ್ಪಣೆ ಕಾಯುವ ನಮ್ಮ ಹಳ್ಳಿಯ ತಾಯಂದಿರಿಗೆ ಇದು ಸುಲಭವಲ್ಲ.

ಲಸಿಕೆಯ ಮಾತು ಬೇರೆ. ಅದು ಬಾಲಿಕೆಯರಿಗೆ ಮುಂಗಾವಲು. ಬಂದ ವಿಕಾರವನ್ನು ಅದು ಗುಣಪಡಿಸದು. ಮಗಳಿಗೆ ಲಸಿಕೆ ಹಾಕಿಸಿ ನಿಶ್ಚಿಂತಳಾದ ತಾಯಿ ತನ್ನ ತಪಾಸಣೆಯನ್ನು ಮರೆಯಲಾಗದು. 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಅದು ಆಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟ ಗುರಿ.