ಅಚ್ಚಿಗೆ ಹೋಗುವ ಮುನ್ನ ಒತ್ತಕ್ಷರ

ನಾಗಣಸೂರಿನ ಕನ್ನಡ ಸಂಚಿಕೆಯೊಂದು ಅಕ್ಕಲಕೋಟೆಯನ್ನು ದಾಟಿ ಸೊಲ್ಲಾಪುರದ ಅಚ್ಚುಕೂಟವನ್ನು ಸೇರಿದಾಗ, ಅದನ್ನು ಮುದ್ರಿಸುವವರು ಕನ್ನಡ ಬಲ್ಲವರೇ ಆಗಿರಬೇಕೆಂಬ ನಿಯಮವೇನಿಲ್ಲ. ದೇವನಾಗರಿಗೆ ಒಗ್ಗಿದ ಕಣ್ಣಿಗೆ ‘ವಿದ್ಯಾರ್ಥಿ’ ಎಂಬ ಪದವು ‘ವಿದ್‌ಯಾರ್‌ಥಿ’ ಎಂದು ಒಡೆದರೂ ದೋಷವಾಗಿ ಕಾಣದು. ಆದುದರಿಂದ ಗಡಿನಾಡಿನಲ್ಲಿ ಪುಟವಿನ್ಯಾಸ ಮಾಡುವವರೇ ಆ ಬರಹದ ಕೊನೆಯ ಕಾವಲುಗಾರರು.

ಒತ್ತಕ್ಷರ ಒಡೆಯುವುದೇಕೆ? ಯೂನಿಕೋಡ್ ವ್ಯವಸ್ಥೆಯಲ್ಲಿ ‘ದ್ಯಾ’ ಎಂಬುದು ಒಂದೇ ಅಕ್ಷರವಾಗಿ ಉಳಿದಿರುವುದಿಲ್ಲ. ದಕಾರ, ಹಲಂತ ಚಿಹ್ನೆ, ಯಕಾರ, ದೀರ್ಘ ಎಂದು ಬಿಡಿಬಿಡಿಯಾಗಿರುತ್ತದೆ. ಅವನ್ನು ಕೂಡಿಸುವ ಹೊಣೆ ಫಾಂಟಿನದು ಮತ್ತು ತಂತ್ರಾಂಶದ್ದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳದಿದ್ದರೆ ಈ ಕೂಡಿಕೆ ನಡೆಯದು. ಹಳೆಯ ನುಡಿ ಫಾಂಟುಗಳ ತೊಡಕು ಬೇರೆ: ಅಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕುಳಿತಿವೆ. ಆ ಫಾಂಟು ಅಚ್ಚುಕೂಟದ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕಾಣುವುದು ಅರ್ಥಹೀನ ರೋಮನ್ ಸಾಲುಗಳು.

ಇದಕ್ಕೆ ಫಾಂಟನ್ನು ಒಡಲಲ್ಲಿಟ್ಟುಕೊಂಡ ಪಿಡಿಎಫ್ ಕಳುಹಿಸುವುದೊಂದು ಉಪಾಯ. ಅಕ್ಷರಗಳನ್ನು ಕರ್ವ್‌ಗೆ, ಎಂದರೆ ಬರಿಯ ರೇಖಾಕೃತಿಗೆ ಪರಿವರ್ತಿಸುವುದು ಇನ್ನೊಂದು. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಾಗಲೂ ಅಕ್ಷರ ಚಿತ್ರವೇ ಆಗಿತ್ತು; ಕೈಬರಹದ ಒತ್ತು ಕಲ್ಲಿನ ಮೇಲೆ ಒಡೆಯುವ ಮಾತೇ ಇರಲಿಲ್ಲ. ಆದರೆ ಕರ್ವ್ ಮಾಡಿದ ಸಾಲನ್ನು ಮತ್ತೆ ತಿದ್ದಲಾಗದು. ಕರಡು ತಿದ್ದುವಿಕೆ ಮುಗಿದ ಮೇಲೆಯೇ ಅದು ಸಲ್ಲುತ್ತದೆ. ಮೂಲ ಕಡತವೂ ಬೇರೆಯಾಗಿ ಉಳಿದಿರಬೇಕು.

ಸಾಲುಗಳ ನಡುವಣ ಅಂತರವೂ ಕನ್ನಡಕ್ಕೆ ತಕ್ಕಂತಿರಬೇಕು. ತಂತ್ರಾಂಶವು 12 ಪಾಯಿಂಟ್ ಅಕ್ಷರಕ್ಕೆ ತಾನಾಗಿ 14.4 ಪಾಯಿಂಟ್ ಅಂತರವಿಡುತ್ತದೆ. ರೋಮನ್ ಲಿಪಿಗೆ ಅದು ಸಾಕು. ಕೆಳಗಿಳಿಯುವ ಒತ್ತುಗಳಿಗೆ ಹಲವು ಫಾಂಟುಗಳಲ್ಲಿ ಇಕ್ಕಟ್ಟು. ಕಪ್ಪು ಅಕ್ಷರಗಳು ಕಪ್ಪು ಶಾಯಿಯೊಂದರಲ್ಲೇ ಇರಲಿ. ನಾಲ್ಕು ಬಣ್ಣ ಬೆರೆತ ಕಪ್ಪಾದರೆ, ಪ್ಲೇಟು ಕೂದಲೆಳೆಯಷ್ಟು ಸರಿದರೂ ಒತ್ತಿನ ಅಂಚಿಗೆ ನೆರಳು ಬೀಳುತ್ತದೆ. ಗಾಢ ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರವಿಟ್ಟರೆ ಒತ್ತಿನ ಒಳಬಯಲು ಶಾಯಿಯಿಂದ ಮುಚ್ಚಿಹೋಗುವುದುಂಟು.

ಉಳಿದವು ಎಲ್ಲ ಭಾಷೆಗೂ ಸಮಾನ. ಅಂಚಿನವರೆಗೆ ಬಣ್ಣವಿರುವ ಎ4 ಪುಟಕ್ಕೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬೇಕು. 10 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಸುಮಾರು 1180 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಕುಗ್ಗಿಬಂದ ಚಿತ್ರ ಪರದೆಯ ಮೇಲೆ ಚೆನ್ನಾಗಿ ಕಂಡರೂ ಕಾಗದದಲ್ಲಿ ಮಸುಕಾದೀತು. ನಡುವೆ ಪಿನ್ ಹೊಡೆಯುವ ಸಂಚಿಕೆಯ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಬೇಕು.

ಕೊನೆಯ ಕರಡನ್ನು ಪರದೆಯ ಮೇಲಲ್ಲ, ಕಾಗದದ ಮೇಲೆ ಓದಬೇಕು. ಮೊದಲು ಹುಡುಕಬೇಕಾದವು ಎರಡೊತ್ತಿನ ‘ರಾಷ್ಟ್ರ’, ‘ಸ್ತ್ರೀ’. ಆಮೇಲೆ ಅರ್ಕಾವೊತ್ತಿನ ‘ವರ್ಷ’, ‘ಕಾರ್ಯ’.