‘ವೇಗವಾಗಿರಬೇಕು’ ಅಂದರೆ ಎಷ್ಟು?

ಪ್ರಶ್ನೆ: ನಮ್ಮ ತಂಡ ಒಂದು ಶಿಕ್ಷಣ ಸಂಸ್ಥೆಗೆ ಫಲಿತಾಂಶದ ವೆಬ್‌ಸೈಟ್ ಮಾಡುತ್ತಿದೆ. ‘ವೇಗವಾಗಿರಬೇಕು, ಸುರಕ್ಷಿತವಾಗಿರಬೇಕು’ ಎಂದು ಅವರು ಬರೆದುಕೊಟ್ಟಿದ್ದಾರೆ. ಫೀಚರ್‌ಗಳೆಲ್ಲ ಸ್ಪ್ರಿಂಟ್‌ಗೆ ಬರುತ್ತವೆ, ಈ ನಾನ್-ಫಂಕ್ಷನಲ್ ರಿಕ್ವೈರ್‌ಮೆಂಟ್‌ಗಳು ಮಾತ್ರ ದಾಖಲೆಯ ಕೊನೆಯ ಪುಟದಲ್ಲೇ ಉಳಿದಿವೆ. ಏನು ಮಾಡಲಿ, ಸರ್?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆ ಪುಟದ ಒಂದೊಂದು ವಾಕ್ಯವನ್ನೂ ಅಳೆಯಲು ಬರುವಂತೆ ತಿದ್ದಿ. ‘ವೇಗವಾಗಿರಬೇಕು’ ಎಂಬುದನ್ನು ಟೆಸ್ಟರ್ ಪಾಸೂ ಮಾಡಲಾರರು, ಫೇಲೂ ಮಾಡಲಾರರು. ‘ಫಲಿತಾಂಶ ಬಿಟ್ಟ ಮೊದಲ ಗಂಟೆಯಲ್ಲಿ 5,000 ಮಂದಿ ಏಕಕಾಲಕ್ಕೆ ನೋಡುತ್ತಿದ್ದರೂ, 100ರಲ್ಲಿ 95 ಸಲ ಅಂಕಪಟ್ಟಿ 2 ಸೆಕೆಂಡಿನೊಳಗೆ ತೆರೆಯಬೇಕು’ ಎಂದು ಬರೆದರೆ ಪರೀಕ್ಷಿಸಬಹುದು. ಸಂಖ್ಯೆಗಳನ್ನು ಊಹಿಸಬೇಡಿ, ಕಳೆದ ವರ್ಷದ ಸರ್ವರ್ ಲಾಗ್ ಕೇಳಿ ಪಡೆಯಿರಿ. ಆಮೇಲೆ ಅದನ್ನು ‘ಡೆಫಿನಿಷನ್ ಆಫ್ ಡನ್’ಗೆ ಸೇರಿಸಿ, ಪ್ರತಿ ಸ್ಪ್ರಿಂಟ್‌ನಲ್ಲೂ ಲೋಡ್ ಟೆಸ್ಟ್ ಓಡಿಸಿ. ರಿಲೀಸ್ ವಾರದಲ್ಲಿ ತೊಂದರೆ ಗೊತ್ತಾದರೆ ಡೇಟಾಬೇಸ್ ವಿನ್ಯಾಸ ಬದಲಿಸಲು ಪುರುಸೊತ್ತೆಲ್ಲಿ?

ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ತಾಣ ಹೆಲ್ತ್‌ಕೇರ್.ಗವ್ ಅನ್ನೇ ನೋಡಿ. 2013ರ ಅಕ್ಟೋಬರ್ 1ರಂದು ಶುರುವಾದಾಗ ಜನ ಮುಗಿಬಿದ್ದರು, ತಾಣ ತಡೆದುಕೊಳ್ಳಲಿಲ್ಲ. ಮೊದಲ ದಿನ ವಿಮೆಗೆ ನೋಂದಣಿ ಪೂರೈಸಿದವರು 6 ಮಂದಿ! ಎರಡು ತಿಂಗಳ ದುರಸ್ತಿಯ ನಂತರ ಸರ್ಕಾರ ಮುಂದಿಟ್ಟ ವರದಿಯಲ್ಲಿದ್ದದ್ದು ಇಂಥ ಅಳತೆಗಳೇ: ಏಕಕಾಲಕ್ಕೆ 50,000 ಬಳಕೆದಾರರು, 1 ಸೆಕೆಂಡಿನೊಳಗೆ ಸ್ಪಂದನೆ, ಶೇ 1ಕ್ಕಿಂತ ಕಡಿಮೆ ದೋಷ. ಇವನ್ನು ತಾಣ ತೆರೆಯುವ ಮುನ್ನವೇ ಪರೀಕ್ಷಿಸಿ ತೋರಿಸಬೇಕಿತ್ತು. ವಿಮೆಗಾಗಿ ಕಾದು ಕೂತವರಿಗೆ ಆದ ತೊಂದರೆ ಸಣ್ಣದಲ್ಲ.

ಇನ್ನು ಸುರಕ್ಷತೆ. ಒಟಿಪಿ ಹಾಕಿದರೆ ಅಂಕಪಟ್ಟಿ ನೋಡಲು ಇನ್ನೊಂದು ಹಂತ ಹೆಚ್ಚುತ್ತದೆ, ಮೊಬೈಲ್ ಸಿಗ್ನಲ್ ಇಲ್ಲದ ಊರಿನ ಮಕ್ಕಳು ಪರದಾಡುತ್ತಾರೆ. ಯಾವುದಕ್ಕೆ ಮಣೆ ಹಾಕಬೇಕೆಂಬುದನ್ನು ಡೆವಲಪರ್ ಒಬ್ಬರೇ ಕೂತು ತೀರ್ಮಾನಿಸಬಾರದು. ಎರಡೂ ದಾರಿಯ ಪರಿಣಾಮವನ್ನು ಸಂಸ್ಥೆಯವರ ಮುಂದಿಟ್ಟು, ಅವರ ನಿರ್ಧಾರವನ್ನು ಕಾರಣಸಹಿತ ಬರೆದಿಡಿ.

ಪ್ರಶ್ನೆ: ಎಂ.ಟೆಕ್ ಪ್ರಬಂಧಕ್ಕೆ ನಾನ್-ಫಂಕ್ಷನಲ್ ರಿಕ್ವೈರ್‌ಮೆಂಟ್‌ಗಳ ವಿಷಯ ತೆಗೆದುಕೊಳ್ಳಬೇಕೆಂದಿದ್ದೇನೆ. ಹಳತಾಯಿತು ಎನ್ನುತ್ತಾರೆ ಸ್ನೇಹಿತರು.
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಧೈರ್ಯವಾಗಿ ತೆಗೆದುಕೊಳ್ಳಮ್ಮ. ಟೊರಾಂಟೊದ ಸಂಶೋಧಕರಾದ ಮೈಲೊಪೌಲೋಸ್, ಚುಂಗ್, ನಿಕ್ಸನ್ 1992ರಲ್ಲೇ ಒಂದು ಚೌಕಟ್ಟು ಕೊಟ್ಟರು: ಇಂಥ ಗುರಿಗಳು ಪೂರ್ತಿ ಈಡೇರುವುದಿಲ್ಲ, ಸಾಕೆನಿಸುವಷ್ಟು ಈಡೇರುತ್ತವೆ; ಒಂದಕ್ಕೆ ಒತ್ತು ಕೊಟ್ಟರೆ ಇನ್ನೊಂದಕ್ಕೆ ಪೆಟ್ಟು. ಸಾಫ್ಟ್‌ವೇರ್ ಗುಣಮಟ್ಟದ ಐಎಸ್‌ಒ 25010 ಮಾನದಂಡವೂ 2023ರಲ್ಲಿ ಪರಿಷ್ಕರಣೆಯಾಗಿದೆ. ವರ್ಗೀಕರಣದ ಪಟ್ಟಿಗಳು ಈಗಾಗಲೇ ಬೇಕಾದಷ್ಟಿವೆ, ಇನ್ನೊಂದನ್ನು ಕಟ್ಟಲು ಹೋಗಬೇಡ. ಒಂದು ತಂಡದ ಜೊತೆ ಕೆಲವು ರಿಲೀಸ್‌ಗಳ ಕಾಲ ಕೂತು, ಯಾವ ಅಳತೆಯನ್ನು ಯಾರು, ಯಾವ ಒತ್ತಡಕ್ಕೆ ಸಡಿಲಿಸಿದರು ಎಂದು ದಾಖಲಿಸು.